ಆ ಬಾಗಿಲ ಹಿಂದೆ ಯಾರಿದ್ದರು?

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ. ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ಮೂರು ವಾರದಿಂದ ನಾನೂ ಅಮ್ಮನೂ ಒಂದು ಸೀರೀಸ್ ನೋಡುತ್ತಿದ್ದೆವು. ಎರಡು ಸೀಸನ್, ಹದಿನಾರು ಎಪಿಸೋಡ್. ಯಾವ ಆಪ್‌ನಲ್ಲಿ ಅಂತ ಹೇಳುವುದಿಲ್ಲ, ಎಲ್ಲದರದ್ದೂ ಹೆಚ್ಚುಕಮ್ಮಿ ಇದೇ ಹಣೆಬರಹ. ಕನ್ನಡ ಡಬ್ಬಿಂಗ್ ಇತ್ತು, ಅದಕ್ಕೇ ಅಮ್ಮ ಕೂತಳು. ಊಟ ಮುಗಿಸಿ, ಅಡುಗೆಮನೆ ಕಟ್ಟೆ ಒರೆಸಿ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಂದು ಕೂರುತ್ತಿದ್ದಳು. ದಿನಕ್ಕೆ ಒಂದೇ ಎಪಿಸೋಡ್. ಇನ್ನೊಂದು ಹಾಕಲಾ ಅಂದರೆ "ನಾಳೆಗಿರಲಿ" ಅನ್ನುತ್ತಿದ್ದಳು. ಮಾರನೆಯ ದಿನ ಸೊಪ್ಪು ಬಿಡಿಸುವಾಗ ಅದೇ ಮಾತು. ಆ ಮಾವನ ಮೇಲೆ ನನಗೆ ಅನುಮಾನ, ಅವನ ಕಣ್ಣು ಸರಿಯಿಲ್ಲ, ಹೀಗೆ.

ಅಣ್ಣನನ್ನು ಕೊಂದವರು ಯಾರು ಅಂತ ಹುಡುಕುವ ತಂಗಿಯ ಕಥೆ ಅದು. ಕೊನೆಯ ಎಪಿಸೋಡಿನ ಕೊನೆಯ ನಿಮಿಷದಲ್ಲಿ ಅವಳು ಒಂದು ಮನೆಯ ಬಾಗಿಲು ಬಡಿಯುತ್ತಾಳೆ. ಬಾಗಿಲು ತೆರೆಯುತ್ತದೆ. ಒಳಗಿದ್ದವರನ್ನು ನೋಡಿ ಅವಳ ಮುಖ ಬಿಳಿಚಿಕೊಳ್ಳುತ್ತದೆ. ನಮಗೆ ಅವಳ ಮುಖ ಮಾತ್ರ ಕಾಣುತ್ತದೆ. ಅಷ್ಟೇ, ಪರದೆ ಕಪ್ಪಾಯಿತು. ಹೆಸರುಗಳು ಬರತೊಡಗಿದವು. ಅವನ್ನೂ ಓದಲು ಬಿಡಲಿಲ್ಲ. ಹೆಸರುಗಳೆಲ್ಲ ಮೂಲೆಗೆ ಸರಿದು ಇನ್ಯಾವುದೋ ಹೊಸ ಸೀರೀಸಿನ ಟ್ರೈಲರ್ ಶುರುವಾಯಿತು.

"ಮುಂದಿನದು ಹಾಕೇ" ಅಂದಳು ಅಮ್ಮ.

ಮುಂದಿನದು ಇಲ್ಲ. ಫೋನಿನಲ್ಲಿ ಹುಡುಕಿದೆ. ಎರಡು ವರ್ಷದ ಹಿಂದೆಯೇ ಅದನ್ನು ನಿಲ್ಲಿಸಿದ್ದಾರೆ.

"ನಿಲ್ಲಿಸಿದ್ದಾರೆ ಅಂದ್ರೆ? ದುಡ್ಡು ಸಾಲದೇ ಬಂತಾ?"

"ಹಾಗೇ ಇರಬೇಕಮ್ಮ."

ಟಿವಿಯಲ್ಲಿ ಟ್ರೈಲರ್ ಓಡುತ್ತಲೇ ಇತ್ತು. ಕುದುರೆ, ಸಮುದ್ರ, ದೊಡ್ಡ ಅರಮನೆ. ಅಮ್ಮ ಅದರ ಕಡೆ ಕೈ ತೋರಿಸಿ ಕೇಳಿದಳು. "ಮತ್ತೆ ಇದಕ್ಕೆ ದುಡ್ಡು ಎಲ್ಲಿಂದ ಬಂತು?"

ಉತ್ತರ ಹೇಳಲು ಆಗಲಿಲ್ಲ. ಅವಳು ಎದ್ದು ಹೋಗಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ನನ್ನ ಹಳೇ ಸ್ನೇಹಿತರಿಗೆಲ್ಲ ತಿಪಟೂರಿನ ನಮ್ಮ ಕ್ಯಾಸೆಟ್ ಅಂಗಡಿ ನೆನಪಿರುತ್ತದೆ. ಈ ವಿಷಯದಲ್ಲಿ ನನಗೆ ಬೇರೆಯವರಿಗಿಂತ ಜಾಸ್ತಿ ಸಿಟ್ಟು ಬರುವುದೂ ಅದಕ್ಕೇ. ಎಂಟಡಿ ಅಗಲದ ಮಳಿಗೆ, ಮೂರು ಗೋಡೆಗೂ ಕಪಾಟು. ಕೊಬ್ಬರಿ ಹರಾಜಿನ ದಿನ ಹೊನ್ನವಳ್ಳಿ, ನೊಣವಿನಕೆರೆ ಕಡೆಯವರು ಬಂದು ವಿಸಿಪಿ ಅನ್ನುವ ವಿಡಿಯೋ ಕ್ಯಾಸೆಟ್ ಪ್ಲೇಯರ್, ಕಲರ್ ಟಿವಿ, ಮೂರು ಕ್ಯಾಸೆಟ್ ಎಲ್ಲ ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ಒಯ್ಯುತ್ತಿದ್ದರು. ಬೆಳಗ್ಗೆ ವಾಪಸ್ ಬಂದ ಕ್ಯಾಸೆಟ್ಟುಗಳನ್ನು ಮತ್ತೆ ಮೊದಲಿಗೆ ಸುತ್ತಿಡುವುದು ನನ್ನ ಕೆಲಸ. ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಅಪ್ಪ ಹತ್ತಿಗೆ ಸ್ಪಿರಿಟ್ ಅದ್ದಿಕೊಂಡು ಹೆಡ್ ಒರೆಸುತ್ತಾ ಕೂರುತ್ತಿದ್ದರು. ಒಂದು ಕ್ಯಾಸೆಟ್ ಕೊಂಡು ತಂದರೆ ಟೇಪು ಹರಿಯುವವರೆಗೂ ಅದು ನಮ್ಮ ಕಪಾಟಿನಲ್ಲೇ. ಯಾರೋ ಬಂದು ರಾತ್ರೋರಾತ್ರಿ ಎತ್ತಿಕೊಂಡು ಹೋಗುತ್ತಿರಲಿಲ್ಲ.

ನೆಟ್‌ಫ್ಲಿಕ್ಸ್ ಕೂಡ ಹುಟ್ಟಿದ್ದು ಇಂಥ ಅಂಗಡಿಯಾಗಿಯೇ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೀಡ್ ಹೇಸ್ಟಿಂಗ್ಸ್ ಮತ್ತು ಮಾರ್ಕ್ ರಾಂಡಾಲ್ಫ್ ಶುರು ಮಾಡಿದರು. ಡಿವಿಡಿಯನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವುದು, ಗಿರಾಕಿ ನೋಡಿ ವಾಪಸ್ ಕಳಿಸುವುದು. ಅಮೆರಿಕದ ಕಾನೂನಿನ ಪ್ರಕಾರ ದುಡ್ಡು ಕೊಟ್ಟು ಕೊಂಡ ಡಿವಿಡಿಯನ್ನು ಬಾಡಿಗೆಗೆ ಕೊಡಲು ಸಿನಿಮಾ ಮಾಡಿದವರ ಅಪ್ಪಣೆ ಬೇಕಿಲ್ಲ. ಯಾವ ಸ್ಟುಡಿಯೋಗೆ ಇಷ್ಟವಿರಲಿ ಬಿಡಲಿ, ಮಾರುಕಟ್ಟೆಗೆ ಬಂದ ಡಿವಿಡಿಯನ್ನೆಲ್ಲ ಅವರು ಇಟ್ಟುಕೊಳ್ಳಬಹುದಿತ್ತು.

2007ರಲ್ಲಿ ಇಂಟರ್ನೆಟ್‌ನಲ್ಲಿ ನೇರವಾಗಿ ತೋರಿಸಲು ಶುರು ಮಾಡಿದರು ನೋಡಿ, ಅಲ್ಲಿ ಈ ಅನುಕೂಲ ತಪ್ಪಿಹೋಯಿತು. ಸ್ಟ್ರೀಮಿಂಗ್‌ಗೆ ಪ್ರತಿಯೊಂದಕ್ಕೂ ಒಪ್ಪಂದ ಬೇಕು. ಒಪ್ಪಂದಕ್ಕೆ ಗಡುವು ಇರುತ್ತದೆ. ಗಡುವು ಮುಗಿದ ದಿನ ಸಿನಿಮಾ ಮಾಯ. ಸ್ವಂತ ಅಂಗಡಿ ಇದ್ದವರು ಬಾಡಿಗೆ ಸಾಮಾನು ಇಟ್ಟುಕೊಂಡು ವ್ಯಾಪಾರ ಮಾಡುವವರಾದರು.

ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದರ ಸಂಕಟ ಗೊತ್ತಿರುತ್ತದೆ. ಮೊದಮೊದಲು ಅಗ್ಗದಲ್ಲೇ ಸಿಕ್ಕಿತು. 2008ರಲ್ಲಿ ಸ್ಟಾರ್ಜ್ ಅನ್ನುವ ಚಾನೆಲ್ ತನ್ನ ಸಿನಿಮಾಗಳನ್ನು ಕೊಟ್ಟಿತು. ಆಗಿನ ವರದಿಗಳ ಪ್ರಕಾರ ವರ್ಷಕ್ಕೆ ಸುಮಾರು 3 ಕೋಟಿ ಡಾಲರ್‌ಗೆ. ನೆಟ್‌ಫ್ಲಿಕ್ಸ್ ಬೆಳೆಯುವುದನ್ನು ನೋಡಿ ಮನೆ ಓನರ್‌ಗೆ ಎಚ್ಚರವಾಯಿತು. 2012ರ ಫೆಬ್ರವರಿ ಮುಗಿಯುವ ಹೊತ್ತಿಗೆ ಆ ಸಿನಿಮಾಗಳೆಲ್ಲ ಹೊರಟುಹೋದವು.

ಅದರ ಮರುವರ್ಷ, 2013ರ ಫೆಬ್ರವರಿ 1ಕ್ಕೆ, ನೆಟ್‌ಫ್ಲಿಕ್ಸ್‌ನಲ್ಲಿ ಹೌಸ್ ಆಫ್ ಕಾರ್ಡ್ಸ್ ಅನ್ನುವ ಸೀರೀಸ್ ಬಂತು. ಹದಿಮೂರು ಎಪಿಸೋಡ್ ಒಂದೇ ದಿನ. ಒಂದು ದೃಶ್ಯವನ್ನೂ ನೋಡದೆ ಎರಡು ಸೀಸನ್ ಮಾಡಿ ಅಂತ ಮೊದಲೇ ಒಪ್ಪಿಕೊಂಡಿದ್ದರು. ಸ್ವಂತ ಸರಕು ಅಂತ ಊರಿಗೆಲ್ಲ ಸಾರಿದ್ದು ಅದನ್ನೇ. ಆದರೆ ಅದೂ ಸ್ವಂತದ್ದಾಗಿರಲಿಲ್ಲ. ಮಾಡಿದ್ದು ಬೇರೆ ಕಂಪನಿ, ನೆಟ್‌ಫ್ಲಿಕ್ಸ್ ಕೊಂಡಿದ್ದು ತೋರಿಸುವ ಹಕ್ಕು ಮಾತ್ರ. ಎಲ್ಲ ದೇಶದ ಹಕ್ಕೂ ಅವರ ಕೈಲಿರಲಿಲ್ಲ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದಾಗ ನಾನು ಆಸೆಯಿಂದ ಮೊದಲು ಹುಡುಕಿದ್ದೇ ಹೌಸ್ ಆಫ್ ಕಾರ್ಡ್ಸ್. ಇರಲಿಲ್ಲ! ನಮ್ಮ ದೇಶದಲ್ಲಿ ಅದು ಝೀ ಕೆಫೆ ಚಾನೆಲ್‌ನಲ್ಲಿ ಬರುತ್ತಿತ್ತು. ತಮಗೆ ಹೆಸರು ತಂದುಕೊಟ್ಟ ಸೀರೀಸನ್ನೇ ಹೊಸ ಅಂಗಡಿ ತೆರೆದ ದಿನ ಅವರು ಇಡಲಾಗಲಿಲ್ಲ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬಿತ್ತು. ಸರಕು ಕೊಡುತ್ತಿದ್ದ ದೊಡ್ಡವರೆಲ್ಲ ತಮ್ಮದೇ ಅಂಗಡಿ ತೆರೆಯುವ ಯೋಚನೆ ಮಾಡಿದರು. ಡಿಸ್ನಿ 2017ರಲ್ಲಿ ನಮ್ಮ ಸಿನಿಮಾ ವಾಪಸ್ ತೆಗೆದುಕೊಳ್ಳುತ್ತೇವೆ ಅಂದಿತು, 2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಶುರು ಮಾಡಿತು. ಫ್ರೆಂಡ್ಸ್ ಸೀರೀಸನ್ನು 2019ಕ್ಕೆ, ಒಂದೇ ಒಂದು ವರ್ಷಕ್ಕೆ, ಉಳಿಸಿಕೊಳ್ಳಲು ನೆಟ್‌ಫ್ಲಿಕ್ಸ್ ಸುಮಾರು 10 ಕೋಟಿ ಡಾಲರ್ ಕೊಟ್ಟಿತು ಅಂತ ವರದಿಯಾಯಿತು. ಆ ವರ್ಷ ಮುಗಿಯುತ್ತಲೇ ಅಮೆರಿಕದಲ್ಲಿ ಅದೂ ಕೈಬಿಟ್ಟಿತು.

ಇಷ್ಟಾದ ಮೇಲೆ ಯಾರೇ ಆಗಲಿ ಸ್ವಂತ ಮನೆ ಕಟ್ಟಲು ಹೊರಡುತ್ತಾರೆ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಕಟ್ಟಿದ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾವಿರ ಮನೆಗೆ ಪಾಯ ತೆಗೆದರು. ಗೋಡೆ ಎಬ್ಬಿಸಿದರು. ಚಾವಣಿ ಹಾಕದೆ ಮುಂದಿನ ಸೈಟಿಗೆ ಹೋದರು. ಅಮೆರಿಕದ ಎಫ್‌ಎಕ್ಸ್ ಚಾನೆಲ್‌ನವರು ವರ್ಷವರ್ಷ ಒಂದು ಲೆಕ್ಕ ಇಡುತ್ತಿದ್ದರು. 2022ರಲ್ಲಿ ಅಲ್ಲಿ ಬಂದ ಕಥೆಯುಳ್ಳ ಇಂಗ್ಲಿಷ್ ಸೀರೀಸ್ 599. ಟಿವಿ ಚಾನೆಲ್, ಆಪ್ ಎಲ್ಲ ಸೇರಿ. ದಿನಕ್ಕೊಂದು ಪೂರ್ತಿ ನೋಡಿದರೂ ವರ್ಷಕ್ಕೆ ಮುಗಿಯುವುದಿಲ್ಲ.

ಅಮ್ಮನ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ದುಡ್ಡು ಎಲ್ಲಿಂದ ಬಂತು?

ಹಳೇ ಟಿವಿಯ ಲೆಕ್ಕ ಬೇರೆ ಇತ್ತು. ಅಮೆರಿಕದಲ್ಲಿ ಒಂದು ಸೀರೀಸ್ ಮಾಡುವವರಿಗೆ ಮೊದಲ ಪ್ರಸಾರದಲ್ಲಿ ಸಾಮಾನ್ಯವಾಗಿ ನಷ್ಟವೇ. ಅವರ ಕಣ್ಣಿದ್ದದ್ದು ನೂರನೇ ಎಪಿಸೋಡಿನ ಮೇಲೆ. ಸುಮಾರು ನೂರು ಮುಟ್ಟಿದರೆ ಬೇರೆ ಬೇರೆ ಚಾನೆಲ್‌ಗಳಿಗೆ ಮರುಪ್ರಸಾರಕ್ಕೆ ಮಾರಬಹುದು, ಅಲ್ಲಿಂದ ಲಾಭ ಶುರು. ಹಾಗಾಗಿ ಕಥೆಯನ್ನು ಬದುಕಿಸಿಕೊಂಡು ಹೋಗುವುದು ಮಾಡುವವರಿಗೂ ಬೇಕಿತ್ತು. ಸ್ಟ್ರೀಮಿಂಗ್‌ನವರು ಇದನ್ನು ಪೂರ್ತಿ ತಿರುಗಿಸಿದರು. ಖರ್ಚೆಲ್ಲ ನಾವೇ ಕೊಡುತ್ತೇವೆ, ಮೇಲಿಷ್ಟು ಲಾಭವನ್ನೂ ಮೊದಲೇ ಕೊಡುತ್ತೇವೆ, ಹಕ್ಕು ಮಾತ್ರ ಎಲ್ಲ ದೇಶಕ್ಕೂ ನಮ್ಮದು. ಮುಂದೆ ಮಾರುವ ಮಾತೇ ಇಲ್ಲ. ಮತ್ತೆ ನೂರು ಎಪಿಸೋಡ್ ಯಾಕೆ ಬೇಕು?

ಅವರಿಗೆ ಬೇಕಾದದ್ದು ಎರಡೇ. ಹೊಸ ಗಿರಾಕಿ ಒಳಗೆ ಬರಬೇಕು, ಇದ್ದವರು ಈ ತಿಂಗಳು ಬಿಟ್ಟುಹೋಗಬಾರದು. ಎರಡಕ್ಕೂ ಹೊಸದೇ ಬೇಕು. ಹೊಸ ಪೋಸ್ಟರ್, ಹೊಸ ಟ್ರೈಲರ್. ಮೂರನೇ ಸೀಸನ್ ನೋಡಬೇಕು ಅಂತ ಯಾರೂ ಹೊಸದಾಗಿ ದುಡ್ಡು ಕಟ್ಟುವುದಿಲ್ಲ, ಮೊದಲೆರಡು ನೋಡಿದವರು ಹೇಗೂ ಒಳಗೇ ಇದ್ದಾರೆ. ಆದರೆ ಸೀಸನ್ ಏರಿದಂತೆ ನಟರ ಸಂಬಳ ಏರುತ್ತದೆ, ಒಪ್ಪಂದದಲ್ಲಿ ಬರೆದ ಬೋನಸ್ ಏರುತ್ತದೆ. ಖರ್ಚು ಜಾಸ್ತಿ, ಹೊಸ ಗಿರಾಕಿ ಕಡಿಮೆ. ಅಲ್ಲಿಗೆ ಆ ತಂಗಿ ಬಾಗಿಲಲ್ಲೇ ನಿಂತುಬಿಡುತ್ತಾಳೆ. ಅವಳ ಮೂರನೇ ಸೀಸನ್ ದುಡ್ಡು ಕುದುರೆ, ಸಮುದ್ರ, ಅರಮನೆಗೆ ಹೋಗುತ್ತದೆ.

ಇದನ್ನೆಲ್ಲ ಬೆಳಗ್ಗೆ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಸಾಫ್ಟ್‌ವೇರಿನವನು, ಎಲ್ಲದಕ್ಕೂ ಅಂಕಿಅಂಶ ಅನ್ನುತ್ತಾನೆ.

"ಅಕ್ಕಾ, ಜನ ನೋಡಲಿಲ್ಲ, ಅದಕ್ಕೇ ನಿಲ್ಲಿಸಿದ್ರು. ಅದರಲ್ಲಿ ತಪ್ಪೇನಿದೆ? ಎಷ್ಟು ಜನಕ್ಕೆ ಕೆಲಸ ಸಿಕ್ತು ನೋಡು. ಬೇಡದವರು ನೋಡಬೇಡಿ."

ನೋಡಲಿಲ್ಲ ಅಂತ ತೀರ್ಮಾನ ಮಾಡುವುದು ಎಷ್ಟು ದಿನಕ್ಕೆ? ನೆಟ್‌ಫ್ಲಿಕ್ಸ್ ತನ್ನ ದೊಡ್ಡ ಹಿಟ್‌ಗಳ ಪಟ್ಟಿಯನ್ನು ಬಹಳ ಕಾಲ ಮೊದಲ 28 ದಿನದ ಲೆಕ್ಕದಲ್ಲೇ ಹೇಳುತ್ತಿತ್ತು, 2023ರಲ್ಲಿ 91 ದಿನಕ್ಕೆ ಬದಲಿಸಿತು. ನಮ್ಮಮ್ಮ ಒಂದು ಸೀರೀಸಿನ ಹೆಸರು ಕೇಳುವುದೇ ಅದು ಬಂದು ಎರಡು ವರ್ಷದ ಮೇಲೆ. ಅವಳಂಥವರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಇನ್ನೊಂದು ಮಾತು. ಅರ್ಧಕ್ಕೆ ಬಿಟ್ಟುಹೋಗುತ್ತಾರೆ ಅಂತ ಗೊತ್ತಾದ ಮೇಲೆ ಜನ ಹೊಸದನ್ನು ಶುರು ಮಾಡಲೇ ಹೆದರುತ್ತಾರೆ. ಪೂರ್ತಿ ಆಗಲಿ, ಆಮೇಲೆ ನೋಡೋಣ ಅನ್ನುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಹಾಗೆ ಕಾದು ಕೂತ ನಮ್ಮನ್ನು ಅವರು "ನೋಡಲಿಲ್ಲ" ಅಂತ ಬರೆದುಕೊಳ್ಳುತ್ತಾರೆ. ನಾವು ಕಾಯುವುದರಿಂದ ಅದು ಸಾಯುತ್ತದೆ, ಅದು ಸಾಯುತ್ತದೆ ಅಂತ ನಾವು ಕಾಯುತ್ತೇವೆ.

ಜನ ನಿಜವಾಗಿ ಏನು ನೋಡುತ್ತಾರೆ? ಅಂಕಿಅಂಶ ಅಂದೆಯಲ್ಲ ತಮ್ಮಾ, ಇದನ್ನೂ ಓದು. 2020ರಲ್ಲಿ, ಎಲ್ಲರೂ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ವರ್ಷ, ಅಮೆರಿಕದ ಸ್ಟ್ರೀಮಿಂಗ್‌ನಲ್ಲಿ ಅತಿ ಹೆಚ್ಚು ನೋಡಿದ್ದು ದಿ ಆಫೀಸ್. ಯಾರು ಏನು ನೋಡುತ್ತಾರೆ ಅಂತ ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕದಲ್ಲಿ 5,700 ಕೋಟಿ ನಿಮಿಷಕ್ಕೂ ಜಾಸ್ತಿ. ಅದು ಟಿವಿಯಲ್ಲಿ 2013ಕ್ಕೇ ಮುಗಿದಿತ್ತು. 2023ರಲ್ಲಿ ಮೊದಲ ಸ್ಥಾನ ಸೂಟ್ಸ್‌ಗೆ. ಅದೂ 2019ಕ್ಕೇ ಮುಗಿದ ಟಿವಿ ಸೀರೀಸ್. ಎರಡಕ್ಕೂ ಒಂಬತ್ತು ಒಂಬತ್ತು ಸೀಸನ್. ಎರಡಕ್ಕೂ ಕೊನೆ ಅಂತ ಒಂದಿದೆ. ಕೋಟಿಗಟ್ಟಲೆ ಸುರಿದು ಮಾಡಿದ ಹೊಸದೆಲ್ಲ ಸಾಲಾಗಿ ಕಾಯುತ್ತಿದ್ದರೂ ಜನ ಹುಡುಕಿಕೊಂಡು ಹೋದದ್ದು ಉದ್ದವಾದ, ಮುಗಿದ ಕಥೆಗೆ. ಅಮ್ಮ ಕೇಳುತ್ತಿರುವುದೂ ಅದನ್ನೇ ಅಲ್ವಾ?

ಕೆಲಸ ಸಿಕ್ಕಿತು ಅಂದ ಮಾತಿಗೆ ಬರೋಣ. 2023ರ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ ಹಾಲಿವುಡ್‌ನ ಬರಹಗಾರರು ಮುಷ್ಕರ ಮಾಡಿದರು. 148 ದಿನ. ನಡುವೆ ಜುಲೈನಲ್ಲಿ ನಟರೂ ಸೇರಿಕೊಂಡರು. ಇಷ್ಟೊಂದು ಸೀರೀಸ್ ತಯಾರಾಗುತ್ತಿದ್ದ ಕಾಲದಲ್ಲಿ ಅವರು ಯಾಕೆ ಬೀದಿಗೆ ಬಂದರು? ಮೊದಲು ಒಂದು ಸೀಸನ್ ಅಂದರೆ ಇಪ್ಪತ್ತೆರಡು ಎಪಿಸೋಡ್, ವರ್ಷದ ಬಹುಪಾಲು ಸಂಬಳ. ಈಗ ಎಂಟು ಎಪಿಸೋಡ್, ಕೆಲವೇ ವಾರದ ಕೆಲಸ, ಆಮೇಲೆ ಮತ್ತೆ ಕೆಲಸ ಹುಡುಕು. ಮೊದಲು ಮರುಪ್ರಸಾರವಾದಾಗಲೆಲ್ಲ ಮನೆಗೆ ಚೆಕ್ ಬರುತ್ತಿತ್ತು. ಸ್ಟ್ರೀಮಿಂಗ್‌ನಲ್ಲಿ ಎಷ್ಟೇ ಜನ ನೋಡಲಿ, ಬರುತ್ತಿದ್ದುದು ಅಷ್ಟಕ್ಕಷ್ಟೇ. 2021ರಲ್ಲಿ ಸ್ಕ್ವಿಡ್ ಗೇಮ್ ಅನ್ನುವ ಕೊರಿಯನ್ ಸೀರೀಸ್ ಬಂತಲ್ಲ, ಸುಮಾರು 2.14 ಕೋಟಿ ಡಾಲರ್‌ನಲ್ಲಿ ತಯಾರಾಗಿದ್ದು. ಅದು ತನಗೆ ತಂದುಕೊಟ್ಟ ಮೌಲ್ಯವನ್ನು ನೆಟ್‌ಫ್ಲಿಕ್ಸ್ 90 ಕೋಟಿ ಡಾಲರ್ ಹತ್ತಿರ ಅಂದಾಜು ಮಾಡಿಕೊಂಡಿತ್ತು ಅಂತ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ವರದಿ ಮಾಡಿತು. ಕಥೆಯ ಹಕ್ಕು ಮಾತ್ರ ಅದನ್ನು ಬರೆದು ನಿರ್ದೇಶಿಸಿದ ಹ್ವಾಂಗ್ ಡಾಂಗ್‌ಹ್ಯೂಕ್ ಅವರ ಕೈಲಿ ಇರಲಿಲ್ಲ.

ಸ್ವಂತದ್ದು ಅಂತ ಮಾಡಿದ್ದನ್ನಾದರೂ ಇಟ್ಟುಕೊಂಡರಾ? ಅದೂ ಇಲ್ಲ. ಡಿಸ್ನಿ ಪ್ಲಸ್ ವಿಲೋ ಅನ್ನುವ ತನ್ನ ಸೀರೀಸನ್ನು 2022ರ ನವೆಂಬರ್ ಕೊನೆಗೆ ಶುರು ಮಾಡಿ, 2023ರ ಮೇನಲ್ಲಿ ತನ್ನ ಆಪ್‌ನಿಂದಲೇ ತೆಗೆದುಹಾಕಿತು. ಆರು ತಿಂಗಳು! ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆಯನ್ನು ನಷ್ಟ ಅಂತ ಬರೆದುಕೊಳ್ಳಲು ಅನುಕೂಲ ಆಗುತ್ತದಂತೆ. ನೂರಾರು ಜನ ದುಡಿದ ಕೆಲಸ ಅದು. ಮರಗೆಲಸದವರು, ಬಟ್ಟೆ ಹೊಲಿದವರು, ಲೈಟ್ ಹಿಡಿದವರು. ಅಪ್ಪನ ಅಂಗಡಿಯಲ್ಲಿ ಯಾರೂ ಕೇಳದ ಕ್ಯಾಸೆಟ್ಟಿಗೂ ಮೇಲಿನ ಸಾಲಿನಲ್ಲಿ ಒಂದು ಜಾಗ ಇತ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಅಂಗಡಿಗೆ ಒಬ್ಬ ನಿವೃತ್ತ ಟೀಚರ್ ಬರುತ್ತಿದ್ದರು. ಹಳೇ ಕಪ್ಪುಬಿಳುಪು ಪೌರಾಣಿಕ ಚಿತ್ರಗಳನ್ನು ಬಿಟ್ಟರೆ ಬೇರೇನೂ ಒಯ್ಯುತ್ತಿರಲಿಲ್ಲ. ಅಂಥ ಕ್ಯಾಸೆಟ್ಟನ್ನು ಅವರೊಬ್ಬರೇ ನೋಡುವುದು. ಅಪ್ಪ ಬೆಂಗಳೂರಿಗೆ ಹೋದಾಗೆಲ್ಲ ಅವರಿಗಾಗಿ ಒಂದಾದರೂ ಹುಡುಕಿ ತರುತ್ತಿದ್ದರು. ನಾನಾಗ ಹೈಸ್ಕೂಲು. "ಇದು ಒಬ್ಬರಿಗೋಸ್ಕರ ಅಪ್ಪ, ಅಸಲೇ ಹುಟ್ಟಲ್ಲ. ಆ ದುಡ್ಡಿಗೆ ಹೊಸ ಪಿಕ್ಚರ್ ತನ್ನಿ, ನಾಲ್ಕು ಜನ ಹೊಸಬರು ಬರ್ತಾರೆ" ಅಂತ ಜಗಳ ಆಡಿದ್ದೆ. ಅಪ್ಪ ಬಾಡಿಗೆ ಪುಸ್ತಕ ತೆಗೆದು ಆ ಟೀಚರ್ ಹೆಸರಿನ ಹಾಳೆ ತೋರಿಸಿದರು. "ಹನ್ನೊಂದು ವರ್ಷದಿಂದ ವಾರ ತಪ್ಪಿಸಿಲ್ಲ ಕಣಮ್ಮ. ಇವರನ್ನು ಬಿಟ್ಟು ಹೊಸಬರನ್ನು ಕರೀಲಾ?" ನಿನ್ನೆ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನೆನಪಾಯಿತು. ಈ ಕಂಪನಿಗಳು ಇವತ್ತು ಮಾಡುತ್ತಿರುವುದು ಅವತ್ತು ನಾನು ಹೇಳಿದ್ದನ್ನೇ. ಅಪ್ಪ ಇದ್ದಿದ್ದರೆ ಹೇಳಿಕೊಳ್ಳುತ್ತಿದ್ದೆ.

ಕನ್ನಡಕ್ಕೆ ಆಗಿರುವುದೂ ಇದೇ. ಇಷ್ಟೊಂದು ಒರಿಜಿನಲ್ ಮಾಡುವವರು ಕನ್ನಡದಲ್ಲಿ ಯಾಕೆ ಇಷ್ಟು ಕಡಿಮೆ ಮಾಡುತ್ತಾರೆ ಅಂತ ಎಲ್ಲರೂ ಕೇಳುತ್ತೇವೆ. ಕನ್ನಡಿಗರು ಹಿಂದಿ, ತೆಲುಗು, ತಮಿಳು ಎಲ್ಲ ನೋಡುತ್ತಾರೆ, ಅವರಿಗೆ ಬೇರೆ ಮಾಡಬೇಕಿಲ್ಲ ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾವು ಕ್ರಿಕೆಟ್‌ಗೋ ತೆಲುಗು ಸಿನಿಮಾಕ್ಕೋ ಆಗಲೇ ದುಡ್ಡು ಕಟ್ಟಿ ಒಳಗೆ ಬಂದಿದ್ದೇವೆ. ಒಳಗೆ ಬಂದವರಿಗೆ ಯಾರು ಹೊಸದು ಮಾಡುತ್ತಾರೆ? ತೆಲುಗಿಗೆ ಆಹಾ ಅನ್ನುವ ಆಪ್ ಇದೆ, ಬಂಗಾಳಿಗೆ 2017ರಿಂದ ಹೊಯ್‌ಚೊಯ್ ಅನ್ನುವ ಆಪ್ ಇದೆ. ಮಲಯಾಳಂನಲ್ಲಿ 2023ರಲ್ಲಿ ಹಾಟ್‌ಸ್ಟಾರ್ ಒರಿಜಿನಲ್ ಶುರು ಮಾಡಿತು. ನಮ್ಮಲ್ಲಿ ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ಏಕಂ ಅನ್ನುವ ಸೀರೀಸ್ ಮಾಡಿತು. ಏಳು ಕಥೆ, ಎಲ್ಲ ಕರಾವಳಿಯವು. 2021ರ ಹೊತ್ತಿಗೇ ತಯಾರಾಗಿತ್ತು. ಯಾವ ಒಟಿಟಿಯವರೂ ತೆಗೆದುಕೊಳ್ಳಲಿಲ್ಲ. ಮೂರು ವರ್ಷ ಕಾದು, ಕೊನೆಗೆ 2024ರ ಜುಲೈ 13ರಂದು ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಕನ್ನಡದವರು ಮನೆಯನ್ನು ಪೂರ್ತಿ ಕಟ್ಟಿ ಕೀಲಿ ಕೈಗೆ ಕೊಟ್ಟರೂ ಬೇಡ ಅಂದರಲ್ಲ, ಅದು ನನಗೆ ಇವತ್ತಿಗೂ ನೋವು. 2025ರಲ್ಲಿ ಜೀ5ನಲ್ಲಿ ಅಯ್ಯನ ಮನೆ ಬಂದಾಗ ಅಮ್ಮ ಎರಡೇ ರಾತ್ರಿಗೆ ನೋಡಿ ಮುಗಿಸಿದಳು. ದಿನಕ್ಕೊಂದೇ ಅನ್ನುವ ಅವಳ ನಿಯಮ ಅವತ್ತು ಮುರಿಯಿತು. ಮಾತು ಅವಳದು, ಮನೆ ಅವಳು ಕಂಡಂಥದ್ದು.

ಏಕಂ ಬಂದ ದಿನವೇ ದುಡ್ಡು ಕೊಟ್ಟು ನೋಡಬೇಕು ಅಂದುಕೊಂಡಿದ್ದೆ. ಇಲ್ಲೇ ನಾಲ್ಕು ಸಾಲು ಬರೆದು ನಿಮಗೂ ನೋಡಿ ಅಂದಿದ್ದೆ. ನಾನು ನೋಡಿದ್ದು ಎಷ್ಟೋ ತಿಂಗಳಾದ ಮೇಲೆ. ಅಷ್ಟರಲ್ಲಿ ಬೇರೆ ಆಪ್‌ನಲ್ಲಿ ಏನೇನೋ ಹೊಸದು ನೋಡಿದ್ದೆ, ಒಂದರ ಹೆಸರೂ ಈಗ ನೆನಪಿಲ್ಲ. ಈ ತಪ್ಪು ನನ್ನದು, ಯಾರ ಮೇಲೂ ಹೊರಿಸುವುದಿಲ್ಲ.

ಇವತ್ತು ಸಂಜೆ ಅಮ್ಮನ ಪಕ್ಕ ಕೂತು ಹೊಸದೊಂದು ಹುಡುಕುತ್ತಿದ್ದೆ. ಹಾಕುವ ಮೊದಲೇ ತಡೆದಳು. "ಇದು ಮುಗಿದಿರೋದಾ?"

ಮೊದಲ ಸೀಸನ್ ಬಂದಿದೆ, ಎರಡನೆಯದರ ಸುದ್ದಿ ಇಲ್ಲ ಅಂದೆ. ಬೇಡ ಬಿಡು ಅಂದಳು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಮಂಡಿ ನೀವಿಕೊಳ್ಳುತ್ತಾ ಕೇಳಿದಳು. "ಅದೇ ಮಾವ ಇರಬೇಕು ಅಲ್ವಾ, ಬಾಗಿಲು ತೆಗೆದಿದ್ದು?"

ಅವನೇ ಇರಬೇಕಮ್ಮ ಅಂದೆ.